ಮೂತ್ರಕೋಶ ಯಾವುದು, ಮೂತ್ರಪಿಂಡ ಯಾವುದು?

ಮಾನ್ಯ ಸಂಪಾದಕರೇ,

ಪತ್ರಿಕೆಗಳ ಆರೋಗ್ಯ ಪುಟಗಳಲ್ಲಿ ಕಿಡ್ನಿಗೆ ಒಮ್ಮೆ ಮೂತ್ರಪಿಂಡ, ಒಮ್ಮೆ ಮೂತ್ರಜನಕಾಂಗ, ಕೆಲವೊಮ್ಮೆ ಮೂತ್ರಕೋಶ ಎಂದೂ ಅಚ್ಚಾಗುತ್ತಿರುತ್ತದೆ. ಮೊದಲೆರಡು ಒಂದೇ ಅಂಗದ ಹೆಸರುಗಳಾದ್ದರಿಂದ ತಕರಾರಿಲ್ಲ. ಆದರೆ ಮೂತ್ರಕೋಶವೆಂದರೆ ರಕ್ತವನ್ನು ಸೋಸುವ ಅಂಗವಲ್ಲ, ಸೋಸಿ ಬಂದ ಮೂತ್ರವು ವಿಸರ್ಜನೆಯಾಗುವವರೆಗೆ ಸಂಗ್ರಹವಾಗುವ ಚೀಲ.

ಕಳೆದ ವರ್ಷ ನಮ್ಮ ಚಿಕ್ಕಮ್ಮನಿಗೆ ಹೊಟ್ಟೆಯ ಸ್ಕ್ಯಾನ್ ಮಾಡಿದವರು ‘ಗಾಲ್‌ಬ್ಲ್ಯಾಡರ್‌ನಲ್ಲಿ ಕಲ್ಲಿದೆ’ ಎಂದಷ್ಟೇ ಹೇಳಿ ಕಳಿಸಿದ್ದರು. ಬ್ಲ್ಯಾಡರ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅದು ಮೂತ್ರದ ಕಲ್ಲೇ ಎಂದುಕೊಂಡ ಅವರು ಮೂರು ವಾರ ದಿನವೂ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಾಳೆದಿಂಡಿನ ರಸ ಕುಡಿದರು. ಇದ್ದದ್ದು ಪಿತ್ತಕೋಶದ ಕಲ್ಲು. ಯಕೃತ್ತಿನಲ್ಲಿ ತಯಾರಾದ ಪಿತ್ತರಸ ಶೇಖರವಾಗುವ, ಬಲ ಪಕ್ಕೆಲುಬುಗಳ ಕೆಳಗಿನ ಆ ಪುಟ್ಟ ಚೀಲಕ್ಕೂ ಮೂತ್ರಕ್ಕೂ ಸಂಬಂಧವೇ ಇಲ್ಲ. ಕನ್ನಡದಲ್ಲೇ ಹೇಳಿದ್ದರೂ ಗೊಂದಲ ತಪ್ಪುತ್ತಿತ್ತೆನ್ನಲಾರೆ; ತಲೆ ಸುತ್ತಿ ವಾಕರಿಕೆ ಬಂದರೆ ‘ಪಿತ್ತವಾಗಿದೆ’ ಎನ್ನುವವರು ನಾವು.

ಹೃದಯದ ವಿಷಯದಲ್ಲೂ ಹೀಗೆಯೇ. ರಕ್ತನಾಳ ಕಟ್ಟಿಕೊಂಡು ಹೃದಯದ ಸ್ನಾಯುವಿಗೆ ರಕ್ತ ತಲುಪದಿರುವುದು ಹೃದಯಾಘಾತ, ಬಡಿತವೇ ಹಠಾತ್ತನೆ ನಿಲ್ಲುವುದು ಹೃದಯಸ್ತಂಭನ. ಸುದ್ದಿಗಳಲ್ಲಿ ಇವೆರಡೂ ಅದಲುಬದಲಾಗುತ್ತಲೇ ಇವೆ.

ಅಂಗದ ಹೆಸರು ಮೊದಲ ಸಲ ಬಂದಲ್ಲಿ ಅದು ದೇಹದಲ್ಲಿ ಎಲ್ಲಿದೆ, ಏನು ಮಾಡುತ್ತದೆ ಎಂಬುದನ್ನು ಒಂದು ಸಾಲಿನಲ್ಲಿ ತಿಳಿಸಿ, ಲೇಖನದುದ್ದಕ್ಕೂ ಅದೇ ಪದವನ್ನು ಉಳಿಸಿಕೊಳ್ಳುವಂತೆ ತಮ್ಮ ಲೇಖಕರಿಗೆ ಸೂಚಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಶಿಕ್ಷಕಿ, ತೀರ್ಥಹಳ್ಳಿ