ಪುಟ್ಟಿಗೆ, ಓಆರ್‌ಎಂ ಕಲಿಯೋ ವಿಷಯಕ್ಕೆ

ಚಿ. ಪುಟ್ಟಿಗೆ ಮಾವನ ಆಶೀರ್ವಾದ.

ಅಕ್ಕ ಫೋನ್ ಮಾಡಿದ್ಲು, ಊರ ಹಾಲಿನ ಡೈರಿ ಲೆಕ್ಕಕ್ಕೆ ನೀನೇ ಒಂದು ವೆಬ್‌ಸೈಟ್ ಮಾಡ್ತಿದ್ದೀಯಂತೆ, ಪೈಥಾನಲ್ಲಿ ವೆಬ್‌ಸೈಟ್ ಕಟ್ಟೋಕಿರೋ ಜಾಂಗೋ ಹಾಕ್ಕೊಂಡು ಅದರ ಓಆರ್‌ಎಂ ಕಲಿಯೋಕೆ ಶುರು ಮಾಡಿದ್ದೀಯಂತೆ. ತುಂಬಾ ಖುಷಿ ಆಯ್ತು ಕಣಮ್ಮ. ಫೋನಲ್ಲಿ ಹೇಳಿದ್ರೆ ಅರ್ಧ ಮರ್ತುಹೋಗುತ್ತೆ ಅಂತ ಬರೀತಿದ್ದೀನಿ, ಕಂಪ್ಯೂಟರ್ ಮುಂದೆ ಕೂತ್ಕೊಂಡು ನಿಧಾನಕ್ಕೆ ಓದು.

ಡೇಟಾಬೇಸಲ್ಲಿ ಟೇಬಲ್ಲು, ಪೈಥಾನಲ್ಲಿ ಕ್ಲಾಸು, ಟೇಬಲ್ಲಿನ ಒಂದೊಂದು ಸಾಲೂ ಒಂದೊಂದು ಆಬ್ಜೆಕ್ಟು, ಆ ಕಡೆದನ್ನ ಈ ಕಡೆಗೆ ಮಾಡ್ಕೊಡೋದು ಓಆರ್‌ಎಂ, ಇಷ್ಟು ನಿಂಗೆ ಆಗ್ಲೇ ಗೊತ್ತಾಗಿರುತ್ತೆ. ನೀನು ಎಸ್‌ಕ್ಯೂಎಲ್, ಅಂದ್ರೆ ಡೇಟಾಬೇಸ್ ಜೊತೆ ಮಾತಾಡೋ ಭಾಷೆ, ಬರೆಯೋದು ತಪ್ಪುತ್ತೆ ನಿಜ, ಆದ್ರೆ ಎಸ್‌ಕ್ಯೂಎಲ್ ಎಲ್ಲೂ ಹೋಗಲ್ಲ, ನಿನ್ನ ಬದಲು ಅದು ಬರೀತಾ ಇರುತ್ತೆ. ಏನು ಬರೀತು ಅಂತ ತೆಗ್ದು ನೋಡೋ ಅಭ್ಯಾಸನ ಮೊದಲನೇ ದಿನದಿಂದ್ಲೇ ಮಾಡ್ಕೋ, ನಾನು ಹೇಳ್ಬೇಕು ಅಂತಿರೋದು ಮುಖ್ಯವಾಗಿ ಇದೇ. ಅದಕ್ಕೇ ಮೊದಲು ಒಂದು ವಾರ ಬರೀ ಎಸ್‌ಕ್ಯೂಎಲ್ ಕಲಿ, ಸೆಲೆಕ್ಟ್, ವೇರ್, ಜಾಯಿನ್, ಗ್ರೂಪ್ ಬೈ ಇಷ್ಟು ಕೈಗೆ ಬಂದ್ರೆ ಸಾಕು. ಹೊಸ ಜಾಂಗೋ ಪ್ರಾಜೆಕ್ಟಲ್ಲಿ ಎಸ್‌ಕ್ಯೂಲೈಟ್ ಅನ್ನೋ ಚಿಕ್ಕ ಡೇಟಾಬೇಸ್ ಸೆಟ್ ಆಗೇ ಇರುತ್ತೆ, ಅದ್ರಲ್ಲೇ ಪ್ರಾಕ್ಟೀಸ್ ಮಾಡು.

ಈಗ ನಿನ್ನ ಡೈರಿ ತಗೋ. ಸದಸ್ಯರದ್ದು ಒಂದು ಮಾಡೆಲ್ (ಟೇಬಲ್ಲಿಗೆ ಬರೆಯೋ ಕ್ಲಾಸಿಗೆ ಜಾಂಗೋದಲ್ಲಿ ಹಾಗಂತಾರೆ), ದಿನಾ ಹಾಕೋ ಹಾಲಿಂದು ಒಂದು ಮಾಡೆಲ್, ಅದ್ರಲ್ಲಿ ತಾರೀಕು, ಬೆಳಗ್ಗೆನೋ ಸಂಜೆನೋ, ಲೀಟರು, ಫ್ಯಾಟು, ಆಮೇಲೆ ಸದಸ್ಯರಿಗೆ ಒಂದು ಫಾರಿನ್ ಕೀ, ಅಂದ್ರೆ ಈ ಹಾಲು ಯಾವ ಸದಸ್ಯರದ್ದು ಅಂತ ಆ ಟೇಬಲ್ಲಿನ ಸಾಲಿಗೆ ತೋರಿಸೋ ಕೊಂಡಿ. ಬೆಳಗ್ಗೆ 200 ಜನ ಹಾಲು ಹಾಕಿದ್ರು ಅಂತ ಇಟ್ಕೋ, ಆ ಪಟ್ಟಿನ ಪೇಜಲ್ಲಿ ತೋರಿಸೋಕೆ ಲೂಪ್ ಹಾಕಿ ಪ್ರತಿ ಎಂಟ್ರಿ ಪಕ್ಕ ಸದಸ್ಯರ ಹೆಸರು ಪ್ರಿಂಟ್ ಮಾಡ್ತೀಯ. ನೋಡೋಕೆ ನಾಲ್ಕು ಸಾಲಿನ ಕೋಡು, ಏನೂ ತಪ್ಪಿಲ್ಲ ಅನ್ಸುತ್ತೆ. ಆದ್ರೆ ಪಟ್ಟಿ ತರೋಕೆ ಡೇಟಾಬೇಸಿಗೆ ಒಂದು ಪ್ರಶ್ನೆ, ಅಂದ್ರೆ ಒಂದು ಕ್ವೆರಿ, ಆಮೇಲೆ ಒಂದೊಂದು ಹೆಸರಿಗೂ ಮತ್ತೊಂದೊಂದು ಕ್ವೆರಿ, ಒಟ್ಟು 201 ಸಲ ಡೇಟಾಬೇಸ್ ಬಾಗಿಲು ತಟ್ಟಿರುತ್ತೆ. ಇದಕ್ಕೇ ಎನ್ ಪ್ಲಸ್ ಒನ್ ಅಂತಾರೆ. ನಿನ್ನ ಲ್ಯಾಪ್‌ಟಾಪಲ್ಲಿ ಐದು ಎಂಟ್ರಿ ಹಾಕಿ ಟೆಸ್ಟ್ ಮಾಡಿದ್ರೆ ಗೊತ್ತೇ ಆಗಲ್ಲ, ಡೇಟಾಬೇಸ್ ಬೇರೆ ಸರ್ವರಲ್ಲಿದ್ದು ಸೆಕ್ರೆಟರಿ ಮುಂದೆ ಜನ ಕ್ಯಾನ್ ಹಿಡ್ಕೊಂಡು ನಿಂತಿರುವಾಗ ಪೇಜ್ ತಿರುಗ್ತಾ ಕೂತ್ರೆ ಆವಾಗ ಗೊತ್ತಾಗುತ್ತೆ.

ಸರಿ ಮಾಡೋದು ಸುಲಭ. ಆ ಕ್ವೆರಿಗೆ ಸೆಲೆಕ್ಟ್ ರಿಲೇಟೆಡ್ ಅಂತ ಸೇರ್ಸಿ ಸದಸ್ಯರ ಫೀಲ್ಡ್ ಹೆಸರು ಕೊಡು, ಜಾಯಿನ್ ಮಾಡ್ಕೊಂಡು ಒಂದೇ ಕ್ವೆರಿಯಲ್ಲಿ ಎಲ್ಲಾ ತರುತ್ತೆ. ಉಲ್ಟಾ ಕಡೆಯಿಂದ, ಅಂದ್ರೆ ಒಬ್ಬೊಬ್ಬ ಸದಸ್ಯರಿಗೂ ಅವ್ರ ಹಾಲಿನ ಎಂಟ್ರಿಗಳೆಲ್ಲ ಬೇಕು ಅಂದ್ರೆ ಪ್ರೀಫೆಚ್ ರಿಲೇಟೆಡ್, ಅದು ಎರಡು ಕ್ವೆರಿ ಮಾಡಿ ಪೈಥಾನಲ್ಲೇ ಜೋಡಿಸ್ಕೊಳ್ಳುತ್ತೆ. ಇಲ್ಲೊಂದು ಎಚ್ಚರ, ಪ್ರೀಫೆಚ್ ಮಾಡಿದ್ಮೇಲೂ ಲೂಪ್ ಒಳಗೆ ಆ ಎಂಟ್ರಿಗಳ ಮೇಲೆ ಮತ್ತೆ ಫಿಲ್ಟರ್ ಹಾಕಿದ್ರೆ ಮತ್ತೆ ಒಂದೊಂದಕ್ಕೂ ಕ್ವೆರಿ ಹೋಗುತ್ತೆ, ಮಾಡಿದ್ದೆಲ್ಲ ನೀರಲ್ಲಿ ಹೋಮ. ಬಟವಾಡೆಗೆ ಒಟ್ಟು ಲೀಟರ್ ಕೂಡೋದನ್ನಂತೂ ಪೈಥಾನಲ್ಲಿ ಮಾಡ್ಲೇಬೇಡ, ಆನೋಟೇಟ್ ಜೊತೆ ಸಮ್ ಹಾಕು, ಡೇಟಾಬೇಸೇ ಕೂಡಿ ಕೊಡುತ್ತೆ.

ಇದನ್ನ ಕಣ್ಣಾರೆ ನೋಡೋಕೆ ಜಾಂಗೋ ಶೆಲ್ ತೆಗಿ, ಕ್ವೆರಿಸೆಟ್, ಅಂದ್ರೆ ಪೈಥಾನಲ್ಲಿ ಬರೆಯೋ ಕ್ವೆರಿ, ಬರೆದು ಅದರ ಡಾಟ್ ಕ್ವೆರಿನ ಪ್ರಿಂಟ್ ಮಾಡು, ಎಸ್‌ಕ್ಯೂಎಲ್ ಕಾಣುತ್ತೆ. ಫಿಲ್ಟರ್ ಬರೆದ ತಕ್ಷಣ ಡೇಟಾಬೇಸಿಗೆ ಏನೂ ಹೋಗಿರಲ್ಲ, ಲೂಪ್ ಹಾಕಿದಾಗ್ಲೋ ಲಿಸ್ಟ್ ಮಾಡಿದಾಗ್ಲೋ ಹೋಗೋದು, ಶುರುವಲ್ಲಿ ಇದು ಎಲ್ರಿಗೂ ಗೊಂದಲ ಆಗುತ್ತೆ. ಜೊತೆಗೆ ಡೀಬಗ್ ಟೂಲ್‌ಬಾರ್ ಹಾಕ್ಕೋ, ಒಂದು ಪೇಜಿಗೆ ಎಷ್ಟು ಕ್ವೆರಿ ಆಯ್ತು ಅಂತ ಪಕ್ಕದಲ್ಲೇ ತೋರಿಸುತ್ತೆ.

ಇನ್ನೊಂದು, ಇದು ನಾನೇ ಮಾಡಿ ಅನುಭವಿಸಿದ್ದು. 2013ರಲ್ಲಿ ಆಗ ಕೆಲಸ ಮಾಡ್ತಿದ್ದ ಕಡೆ ಒಬ್ಬ ಕಸ್ಟಮರ್ ಎರಡು ಸಲ ಎಂಟ್ರಿ ಆಗಿದ್ದಾನೆ ಅಂತ ಶೆಲ್ಲಲ್ಲಿ ಡಿಲೀಟ್ ಹೊಡೆದೆ, ಅವನ ಹೆಸರಲ್ಲಿದ್ದ ಬಿಲ್ಲುಗಳೂ ಅವನ ಜೊತೆಗೇ ಹೋದ್ವು. ಆಗಿನ ಜಾಂಗೋದಲ್ಲಿ ಫಾರಿನ್ ಕೀಗೆ ಆನ್ ಡಿಲೀಟ್, ಅಂದ್ರೆ ಆ ಕಡೆ ಸಾಲು ಅಳಿಸಿದ್ರೆ ಏನಾಗ್ಬೇಕು ಅನ್ನೋದನ್ನ, ಬರೀದಿದ್ರೆ ಕ್ಯಾಸ್ಕೇಡ್, ಅಂದ್ರೆ ಅದಕ್ಕೆ ಅಂಟಿರೋದನ್ನೂ ಅಳಿಸು, ಅಂತ್ಲೇ ತಗೋತಿತ್ತು, 2017ರ 2.0 ವರ್ಷನ್ನಿಂದ ಬರೀಲೇಬೇಕು ಅಂತ ಮಾಡಿದ್ರು. ಹಿಂದಿನ ರಾತ್ರಿ ಬ್ಯಾಕಪ್ ಇತ್ತು, ಅವತ್ತಿನ ಬಿಲ್ಲುಗಳನ್ನ ಕಾಗದ ನೋಡಿ ಸಂಜೆ ತನಕ ಟೈಪ್ ಮಾಡ್ದೆ, ಆ ದಿನ ಊಟ ಸೇರ್ಲಿಲ್ಲ. ಈಗ್ಲೂ ಟ್ಯುಟೋರಿಯಲ್ ನೋಡಿ ಕ್ಯಾಸ್ಕೇಡ್ ಅಂತ ಸುಮ್ನೆ ಟೈಪ್ ಮಾಡ್ಬಿಡ್ತಾರೆ, ನೀನು ಹಾಗೆ ಮಾಡ್ಬೇಡ. ಒಬ್ರು ಹಸು ಮಾರಿ ಡೈರಿ ಬಿಟ್ರು ಅಂತ ಅವ್ರು ಹಾಕಿದ ಹಾಲಿನ ಲೆಕ್ಕ ಅಳಿಸೋಕಾಗುತ್ತಾ? ಪ್ರೊಟೆಕ್ಟ್ ಅಂತ ಹಾಕು, ಎಂಟ್ರಿ ಇರೋ ಸದಸ್ಯರನ್ನ ಡಿಲೀಟ್ ಮಾಡೋಕೆ ಹೋದ್ರೆ ಎರರ್ ಕೊಟ್ಟು ನಿಲ್ಸುತ್ತೆ. ಬಿಟ್ಟವ್ರಿಗೆ ಚಾಲ್ತಿ ಇದೆಯಾ ಇಲ್ವಾ ಅನ್ನೋ ಒಂದು ಬೂಲಿಯನ್ ಫೀಲ್ಡ್ ಇಟ್ರೆ ಆಯ್ತು.

ಲೀಟರು, ಫ್ಯಾಟು, ದುಡ್ಡು ಎಲ್ಲಕ್ಕೂ ಡೆಸಿಮಲ್ ಫೀಲ್ಡೇ ಹಾಕು, ಫ್ಲೋಟ್ ಬೇಡ. ಪೈಥಾನಲ್ಲಿ 0.1 ಕ್ಕೆ 0.2 ಕೂಡಿ ನೋಡು, 0.30000000000000004 ಬರುತ್ತೆ, ಜನ ಪೈಸೆ ಲೆಕ್ಕ ಹಾಕ್ತಾರೆ ಅಲ್ಲಿ.

ಮಾಡೆಲ್ ಬದಲಾಯಿಸಿದ್ರೆ ಮೇಕ್ ಮೈಗ್ರೇಷನ್ಸ್ ಕಮಾಂಡ್ ಹೊಡಿ, ಆ ಬದಲಾವಣೆನ ಒಂದು ಫೈಲಲ್ಲಿ ಬರೆದಿಡುತ್ತೆ, ಆಮೇಲೆ ಮೈಗ್ರೇಟ್ ಹೊಡೆದ್ರೆ ಅದು ಡೇಟಾಬೇಸಿಗೆ ಸೇರುತ್ತೆ. ನಡುವೆ ಆ ಫೈಲ್ ತೆಗ್ದು ಓದು, ಎಸ್‌ಕ್ಯೂಎಲ್‌ಮೈಗ್ರೇಟ್ ಅಂತ ಕಮಾಂಡ್ ಇದೆ, ಅದು ಟೇಬಲ್ಲಿಗೆ ಏನು ಮಾಡೋಕೆ ಹೊರಟಿದೆ ಅಂತ ಮೊದಲೇ ತೋರಿಸುತ್ತೆ. ಆ ಫೈಲುಗಳನ್ನ ಕೋಡಿನ ಬದಲಾವಣೆಗಳನ್ನ ಕಾಪಾಡಿಡೋ ಗಿಟ್ಟಲ್ಲಿ ಹಾಕೋದು ಮರೀಬೇಡ. 2014ರಲ್ಲಿ ಜಾಂಗೋ 1.7 ಬರೋ ತನಕ ನಾವು ಇದಕ್ಕೆ ಸೌತ್ ಅಂತ ಬೇರೆ ಪ್ಯಾಕೇಜ್ ಹಾಕ್ಕೊಂಡು ಒದ್ದಾಡ್ತಿದ್ವಿ, ನಿಂಗೆ ಆ ಕಷ್ಟ ಇಲ್ಲ.

ಬರೋ ಭಾನುವಾರದೊಳಗೆ ಆ ಬೆಳಗಿನ ಪಟ್ಟಿ ಪೇಜಿಗೆ 200 ಸುಳ್ಳು ಎಂಟ್ರಿ ತುಂಬಿಸಿ ಟೂಲ್‌ಬಾರಲ್ಲಿ ಎಷ್ಟು ಕ್ವೆರಿ ಬಂತು ಅಂತ ನೋಡಿ ನಂಗೆ ಫೋನ್ ಮಾಡು, ಬೆಳಗ್ಗೆ ಮನೇಲೇ ಇರ್ತೀನಿ. ಅಜ್ಜಿಗೆ ಕಾಲುನೋವು ಹೇಗಿದೆ ಅಂತ ಕೇಳ್ದೆ ಅಂತ ಹೇಳು.

ಇಂತಿ ನಿನ್ನ ಮಾವ