ಪುಟ್ಟನಿಗೆ ಹುಳದ ಮಾತ್ರೆ ತಪ್ಪಿಸಬೇಡ, ಅಕ್ಕ

ಗ್ಲಾಸ್ಗೋ
ಜನವರಿ 18, ಭಾನುವಾರ

ಪ್ರೀತಿಯ ಅಕ್ಕ,

ನಾನು ಚೆನ್ನಾಗಿದ್ದೇನೆ. ಇಲ್ಲಿ ನಾಲ್ಕೂವರೆಗೆಲ್ಲ ಕತ್ತಲು, ಹೊರಗೆ ಸಣ್ಣಗೆ ಮಳೆ. ನೀನು ಕಳಿಸಿದ ಎಳ್ಳು-ಬೆಲ್ಲ ಶುಕ್ರವಾರ ಕೈಸೇರಿತು. ಸಕ್ಕರೆ ಅಚ್ಚು ಎರಡು ಮುರಿದಿತ್ತು, ಆನೆ ಮಾತ್ರ ಹಾಗೇ ಇತ್ತು. ಅದನ್ನು ತಿನ್ನದೆ ಕಿಟಕಿ ಹತ್ತಿರ ಇಟ್ಟಿದ್ದೇನೆ.

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲಿಲ್ಲ. ಲ್ಯಾಬಿನಲ್ಲಿದ್ದೆ, ಕೈತುಂಬ ಕೆಲಸ. "ಹೊಟ್ಟೇಲಿ ಹುಳ ಇದ್ರೆ ಅಲರ್ಜಿ ಬರಲ್ವಂತೆ, ನಿಜಾನಾ? ಹಾಗಾದ್ರೆ ಪುಟ್ಟನಿಗೆ ಸ್ಕೂಲಲ್ಲಿ ಕೊಡೋ ಮಾತ್ರೆ ಬೇಡ ಅನ್ಲಾ?" ಅಂತ ಕೇಳಿದ್ದೆ. ಬೇಡ ಅನ್ನಬೇಡ ಅಕ್ಕ, ಕೊಡಿಸು. ಆದರೆ ನೀನು ಕೇಳಿದ್ದು ಸುಮ್ನೆ ತಳ್ಳಿಹಾಕೋ ಪ್ರಶ್ನೆ ಅಲ್ಲ. ನಾನು ಇಷ್ಟು ದೂರ ಬಂದಿರುವುದೇ ಅದರ ಸಂಶೋಧನೆಗಾಗಿ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಪುಟ್ಟನ ರಕ್ತದ ರಿಪೋರ್ಟ್ ನೋಡಿದೆ. ಇಸ್ನೋಫಿಲ್ 900, ಇರಬೇಕಾದ್ದಕ್ಕಿಂತ ಜಾಸ್ತಿ. ಬೆಂಗಳೂರಿನಲ್ಲಿ ಈ ಪದ ಕೇಳದ ಮನೆ ಕಡಿಮೆ ಅಲ್ವಾ? ನಮ್ಮ ಪಕ್ಕದ ಖಾಲಿ ಸೈಟಿನಲ್ಲಿ ಕಾಂಗ್ರೆಸ್ ಗಿಡ ಹೂ ಬಿಟ್ಟಾಗ ನಿನಗೂ ಹೀಗೇ ಆಗುತ್ತಿತ್ತು. ಬೆಳಗ್ಗೆ ಎದ್ದ ಕೂಡಲೇ ಹತ್ತು ಹದಿನೈದು ಸೀನು. ಇಸ್ನೋಫಿಲ್ ಅಂದರೆ ಒಂದು ಬಗೆಯ ಬಿಳಿ ರಕ್ತಕಣ. ನಮ್ಮ ಮೈಯಲ್ಲಿ ಅದು ಬೆಳೆದು ಬಂದದ್ದು ಧೂಳಿನ ಜೊತೆ ಜಗಳಕ್ಕಲ್ಲ, ಬಹುಪಾಲು ಹುಳಗಳ ಜೊತೆ ಜಗಳಕ್ಕೆ ಅನ್ನುವುದು ಈ ಕೆಲಸದಲ್ಲಿರುವ ಬಹಳ ಜನರ ಅಭಿಪ್ರಾಯ. ನನ್ನದೂ ಅದೇ.

ಯೋಚಿಸಿ ನೋಡು. ಬ್ಯಾಕ್ಟೀರಿಯಾ ಬಂದರೆ ಬಿಳಿ ರಕ್ತಕಣ ಅದನ್ನು ನುಂಗಿಬಿಡುತ್ತದೆ. ದುಂಡುಹುಳ ಒಂದು ಗೇಣು ಉದ್ದ ಇರುತ್ತದೆ. ಕಣ್ಣಿಗೆ ಕಾಣದ ಕಣ ಅದನ್ನು ಹೇಗೆ ನುಂಗೀತು? ಅದಕ್ಕೆ ಮೈ ಬೇರೆ ದಾರಿ ಹಿಡಿಯಿತು. ಕರುಳಿನ ಒಳಪದರದಲ್ಲಿ ಅಲ್ಲೊಂದು ಇಲ್ಲೊಂದು ಟಫ್ಟ್ ಕೋಶ ಅಂತ ಇರುತ್ತವೆ. ಹುಳ ಬಂದದ್ದನ್ನು ಮೂಸಿ ಹಿಡಿದು ಕೂಗು ಹಾಕುವುದು ಇವೇ ಅಂತ 2016ರಲ್ಲಿ ಮೂರು ತಂಡಗಳು ಹೆಚ್ಚುಕಡಿಮೆ ಒಟ್ಟಿಗೇ ತೋರಿಸಿದವು. ಕೂಗು ಕೇಳಿದ ಕೂಡಲೇ ಲೋಳೆ ಸುರಿಯುತ್ತದೆ, ಕರುಳು ಹಿಂಡುತ್ತದೆ, ನೀರು ಬಿಟ್ಟುಕೊಳ್ಳುತ್ತದೆ. ಕೊಲ್ಲುವುದಕ್ಕಿಂತ ತೊಳೆದು ಆಚೆ ತಳ್ಳುವುದು ಮುಖ್ಯ. ಬಚ್ಚಲು ತೊಳೆದ ಹಾಗೆ.

ಈಗ ಇದೇ ಸಾಮಾನು ಸರಂಜಾಮು ಮೂಗಿನಲ್ಲಿ, ಎದೆಯಲ್ಲಿ ಕೆಲಸ ಶುರು ಮಾಡಿದರೆ? ಲೋಳೆ, ನೀರು, ಹಿಂಡುವುದು. ಅಂದರೆ ನೆಗಡಿ, ಸೀನು, ಉಬ್ಬಸ. ಪುಟ್ಟನ ಎದೆ ರಾತ್ರಿ ಹೊತ್ತು ಸುಯ್ಯ್ ಅನ್ನುವುದು ಅದೇ.

ಹುಳ ಸುಮ್ಮನಿರುತ್ತದಾ? ಅದಕ್ಕೆ ವರ್ಷಗಟ್ಟಲೆ ಅಲ್ಲೇ ಇರಬೇಕು. ನಮ್ಮ ಲ್ಯಾಬಿನಲ್ಲಿರುವುದು ಸುಂಡಿಲಿಯ ಕರುಳಿನ ಹುಳ. ಒಂದೆರಡು ಸೆಂಟಿಮೀಟರ್ ಉದ್ದ, ಕೆಂಪು ಬಣ್ಣ. ಬಿಗಿಯಾಗಿ ಸುತ್ತಿದ ಸ್ಪ್ರಿಂಗ್ ಹಾಗೆ ಇರುತ್ತದೆ. ಚೆನ್ನಾಗಿ ತೊಳೆದು, ಗುಲಾಬಿ ಬಣ್ಣದ ಪೋಷಕ ದ್ರಾವಣದಲ್ಲಿ ಬಿಟ್ಟು, 37 ಡಿಗ್ರಿ ಬೆಚ್ಚಗಿನ ಪೆಟ್ಟಿಗೆಯಲ್ಲಿಡುತ್ತೇವೆ. ಆಗಾಗ ದ್ರಾವಣ ಬದಲಿಸಬೇಕು. ಹಳೆಯದನ್ನು ಮಾತ್ರ ಒಂದು ಹನಿಯೂ ಚೆಲ್ಲುವುದಿಲ್ಲ. ನಮಗೆ ಬೇಕಾದದ್ದು ಅದೇ. ಹುಳ ತನ್ನ ಮೈಯಿಂದ ಬಿಟ್ಟ ನೂರಾರು ಪ್ರೋಟೀನ್ ಅದರಲ್ಲಿರುತ್ತವೆ. ನೀನು ಮೊನ್ನೆ ಫೋನ್ ಮಾಡಿದಾಗ ಅದನ್ನೇ ಸೋಸುತ್ತಿದ್ದೆ.

ನಮ್ಮ ಮೈಯಲ್ಲಿ "ಸಾಕು, ಇನ್ನು ಜಗಳ ನಿಲ್ಲಿಸಿ" ಅಂತ ಹೇಳುವ ಒಂದು ಸಂದೇಶ ಇದೆ. ಟಿಜಿಎಫ್ ಬೀಟಾ ಅಂತ ಅದರ ಹೆಸರು. ಅದಿಲ್ಲದಿದ್ದರೆ ನಮ್ಮ ಬಿಳಿ ರಕ್ತಕಣಗಳು ನಮ್ಮ ಮೈಯನ್ನೇ ತಿಂದುಹಾಕುತ್ತವೆ. ಈ ಹುಳ ಅದೇ ಸಂದೇಶದ ನಕಲು ತಯಾರಿಸಿ ಬಿಡುತ್ತದೆ. ಇದನ್ನು 2017ರಲ್ಲಿ ಪ್ರಕಟಿಸಿದ್ದು ಇದೇ ಊರಿನ ರಿಕ್ ಮೈಜಲ್ಸ್ ಅವರ ತಂಡ. ನನಗೆ ಇವತ್ತಿಗೂ ಮೈ ಜುಂ ಅನ್ನುವುದು ಎಲ್ಲಿ ಗೊತ್ತಾ? ಹುಳದ ಪ್ರೋಟೀನಿಗೂ ನಮ್ಮದಕ್ಕೂ ರೂಪದಲ್ಲಿ ಹೋಲಿಕೆಯೇ ಇಲ್ಲ. ಕೀಲಿಯ ಹಲ್ಲು ಬೇರೆ, ಹಿಡಿ ಬೇರೆ. ಆದರೂ ನಮ್ಮ ಬೀಗ ತೆರೆದುಕೊಳ್ಳುತ್ತದೆ. ಎಷ್ಟು ಲಕ್ಷ ವರ್ಷ ಆ ಬೀಗದ ಮುಂದೆ ಕೂತಿತ್ತೋ ಹುಳ! ಬೀಗವೂ ಬದಲಾಗಿದೆ. ಹುಳದ ಬಗೆಗಳು ಜಾಸ್ತಿ ಇರುವ ಸೀಮೆಗಳ ಜನರಲ್ಲಿ ಇಂಥ ಸಂದೇಶಗಳ ಜೀನ್‌ಗಳೇ ಬದಲಾಗಿರುವ ಗುರುತು ಸಿಕ್ಕಿದೆ. ಅವು ನಮ್ಮನ್ನು ತಿದ್ದಿವೆ, ನಾವು ಅವನ್ನು ತಿದ್ದಿದ್ದೇವೆ.

ಈಗ ನಿನ್ನ ಪ್ರಶ್ನೆ. ಆಫ್ರಿಕಾದ ಗಬಾನ್ ದೇಶದ ಶಾಲಾ ಮಕ್ಕಳಲ್ಲಿ ರಕ್ತನಾಳದಲ್ಲಿ ವಾಸಿಸುವ ಒಂದು ಬಗೆಯ ಹುಳ ಇದ್ದವರಿಗೆ, ಧೂಳಿನ ನುಸಿಗೆ ಅಲರ್ಜಿ ಇದೆಯೇ ಅಂತ ಚರ್ಮದ ಮೇಲೆ ಪರೀಕ್ಷೆ ಮಾಡಿದರೆ ಗಂಧೆ ಏಳುವುದು ಕಡಿಮೆ ಅಂತ 2000ದಲ್ಲಿ ಗೊತ್ತಾಯಿತು. ಅಲ್ಲೇ ಹುಳಕ್ಕೆ ಮತ್ತೆ ಮತ್ತೆ ಔಷಧಿ ಕೊಟ್ಟ ಮಕ್ಕಳಲ್ಲಿ ಅದು ಜಾಸ್ತಿಯಾಯಿತು ಅಂತ 2004ರಲ್ಲಿ ಬಂತು. ನೀನು ಓದಿದ್ದು ಇಂಥದ್ದೇ ಇರಬೇಕು. ಸುಳ್ಳಲ್ಲ. ಆದರೆ ಪೂರ್ತಿಯೂ ಅಲ್ಲ. ಎಲ್ಲ ಹುಳವೂ ಒಂದೇ ಥರ ಅಲ್ಲ ಅಕ್ಕ. ಕೊಕ್ಕೆಹುಳ ಇದ್ದವರಲ್ಲಿ ಉಬ್ಬಸ ಕಡಿಮೆ ಕಂಡರೆ, ದುಂಡುಹುಳ ಇದ್ದವರಲ್ಲಿ ಜಾಸ್ತಿಯೇ ಕಂಡಿದೆ. ಅದರ ಮರಿಗಳು ಕರುಳಿನಿಂದ ರಕ್ತಕ್ಕೆ, ಅಲ್ಲಿಂದ ಶ್ವಾಸಕೋಶಕ್ಕೆ ಹೋಗಿ, ಗಂಟಲಿಗೆ ಹತ್ತಿ, ಮತ್ತೆ ಹೊಟ್ಟೆಗೆ ಇಳಿಯುತ್ತವೆ. ಮೊದಲೇ ಸುಯ್ಯ್ ಅನ್ನುವ ಎದೆಗೆ ಇದು ಬೇಕಾ?

ಹುಳವನ್ನೇ ಔಷಧಿ ಮಾಡಲು ಹೊರಟವರೂ ಇದ್ದಾರೆ. ನಾಟಿಂಗ್ಹ್ಯಾಮ್‌ನ ಡೇವಿಡ್ ಪ್ರಿಚರ್ಡ್ 2004ರಲ್ಲಿ 50 ಕೊಕ್ಕೆಹುಳದ ಮರಿಗಳನ್ನು ತಮ್ಮ ತೋಳಿಗೇ ಬಿಟ್ಟುಕೊಂಡರು. ಮುಂದೆ ಅಲ್ಲೇ ಉಬ್ಬಸದವರ ಮೇಲೆ ಪರೀಕ್ಷೆ ನಡೆಯಿತು, 2010ರಲ್ಲಿ ಫಲಿತಾಂಶ ಬಂತು. ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಹಂದಿಯ ಚಾಟಿಹುಳದ ಮೊಟ್ಟೆ ಕುಡಿಸಿ ಕರುಳಿನ ಉರಿ ಇಳಿಸುವ ದೊಡ್ಡ ಪರೀಕ್ಷೆಗಳೂ 2013ರ ಸುಮಾರಿಗೆ ಕೈಕೊಟ್ಟವು. ನಮಗೆ ಬೇಕಾದದ್ದು ಹುಳದ ಕೀಲಿ, ಹುಳ ಅಲ್ಲ.

ಹುಳ ಮಾಡುವ ಹಾಳು ಚಿಕ್ಕದಲ್ಲ. ಲೋಕದಲ್ಲಿ ಸುಮಾರು 150 ಕೋಟಿ ಜನರ ಹೊಟ್ಟೆಯಲ್ಲಿ ಮಣ್ಣಿನಿಂದ ಬಂದ ಹುಳಗಳಿವೆ. ಕೊಕ್ಕೆಹುಳ ರಕ್ತ ಕುಡಿಯುತ್ತದೆ. ಮಗು ಬಿಳಿಚಿಕೊಳ್ಳುತ್ತದೆ, ಬೆಳೆಯುವುದಿಲ್ಲ, ಪಾಠ ತಲೆಗೆ ಹತ್ತುವುದಿಲ್ಲ. ಫೆಬ್ರವರಿ 10ಕ್ಕೆ ಕೊಡುವ ಆಲ್ಬೆಂಡಜೋಲ್ 400 ಮಿಲಿಗ್ರಾಂ ಮಾತ್ರೆಯನ್ನು ಪುಟ್ಟ ಚೆನ್ನಾಗಿ ಅಗಿದು ತಿನ್ನಲಿ. ಅವತ್ತು ಜ್ವರವೋ ಉಬ್ಬಸವೋ ಇದ್ದರೆ ಟೀಚರಿಗೆ ಹೇಳು, ಬಿಟ್ಟುಹೋದ ಮಕ್ಕಳಿಗೆ ಆಮೇಲೆ ಇನ್ನೊಂದು ದಿನ ಕೊಡುತ್ತಾರೆ. ಅವನ ಇನ್ಹೇಲರ್ ಮಾತ್ರ ನಿಲ್ಲಿಸಬೇಡ. ಮತ್ತೆ, ಬೆಲ್ಲ ತಿಂದರೆ ಹುಳ ಆಗುತ್ತೆ ಅಂತ ಅವನನ್ನು ಗದರಬೇಡಿ. ಹುಳ ಬರುವುದು ಬೆಲ್ಲದಿಂದಲ್ಲ, ಮಣ್ಣಿನಲ್ಲಿರುವ ಮೊಟ್ಟೆ, ಮರಿಗಳಿಂದ. ಕೈ ಚೆನ್ನಾಗಿ ತೊಳೆಸು, ಮಣ್ಣಿನಲ್ಲಿ ಆಡುವಾಗ ಚಪ್ಪಲಿ ಹಾಕಿಸು.

ಇನ್ನೊಂದು ಮಾತು. ಇದಕ್ಕೇ ನನಗೆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಅಮ್ಮನ ಕೀಲುನೋವಿಗೆ ಮುಂದಿನ ತಿಂಗಳಿಂದ ಸ್ಟೆರಾಯ್ಡ್ ಶುರು ಅಂದೆಯಲ್ಲ. ಅಮ್ಮ ತೀರ್ಥಹಳ್ಳಿ ಕಡೆ ಗದ್ದೆಯಲ್ಲಿ, ತೋಟದಲ್ಲಿ ಬರಿಗಾಲಲ್ಲಿ ಬೆಳೆದವಳು. ಸ್ಟ್ರಾಂಗಿಲಾಯ್ಡಿಸ್ ಅಂತ ಒಂದು ಕೂದಲೆಳೆಯಂಥ ಹುಳ ಇದೆ. ಕಾಲಿನ ಚರ್ಮದಿಂದ ಒಳಗೆ ಬರುತ್ತದೆ. ಒಮ್ಮೆ ಬಂದರೆ ಒಳಗೇ ಮರಿಮಾಡಿಕೊಂಡು ದಶಕಗಟ್ಟಲೆ ಇರಬಲ್ಲದು. ಎರಡನೇ ಮಹಾಯುದ್ಧದಲ್ಲಿ ಬರ್ಮಾ ರೈಲುದಾರಿಯಲ್ಲಿ ಸೆರೆಯಾಳಾಗಿ ದುಡಿದ ಸೈನಿಕರ ಮೈಯಲ್ಲಿ ಅದು ಎಷ್ಟೋ ದಶಕಗಳ ಮೇಲೂ ಸಿಕ್ಕಿತು. ನಮ್ಮ ರೋಗನಿರೋಧಕ ಶಕ್ತಿ ಅದನ್ನು ಕೊಲ್ಲಲಾರದು, ಆದರೆ ತಲೆ ಎತ್ತದಂತೆ ಅದುಮಿ ಇಟ್ಟಿರುತ್ತದೆ. ಸ್ಟೆರಾಯ್ಡ್ ಕೊಟ್ಟರೆ ಆ ಹಿಡಿತ ಸಡಿಲವಾಗುತ್ತದೆ. ಹುಳ ಒಂದೇ ಸಮನೆ ಹೆಚ್ಚಿ ಮೈಯೆಲ್ಲ ಹರಡಿ ಜೀವಕ್ಕೇ ಕುತ್ತಾಗಬಹುದು.

ಅಮ್ಮನಿಗೆ ಇದೆ ಅಂತ ಹೇಳುತ್ತಿಲ್ಲ. ಇಲ್ಲ ಅಂತ ಪರೀಕ್ಷೆ ಮಾಡಿಸಿ ಖಾತ್ರಿ ಮಾಡಿಕೊಂಡ ಮೇಲೆ ಸ್ಟೆರಾಯ್ಡ್ ಶುರು ಮಾಡಲಿ ಅಂತ ಅಷ್ಟೇ. ಡಾಕ್ಟರ ಹತ್ತಿರ ಹೋದಾಗ, ಅಮ್ಮ ಮಲೆನಾಡಿನಲ್ಲಿ ಬರಿಗಾಲಲ್ಲಿ ಓಡಾಡಿದವಳು, ಸ್ಟ್ರಾಂಗಿಲಾಯ್ಡಿಸ್ ನೋಡಿಬಿಡೋಣವೇ ಅಂತ ಕೇಳು. ಮಲ ಪರೀಕ್ಷೆ ಒಂದರಲ್ಲೇ ಎಷ್ಟೋ ಸಲ ತಪ್ಪಿಹೋಗುತ್ತದೆ, ರಕ್ತ ಪರೀಕ್ಷೆಯೂ ಇದೆ. ಹುಳ ಇರುವುದು ಗೊತ್ತಾದರೆ ಐವರ್‌ಮೆಕ್ಟಿನ್ ಅಂತ ಒಳ್ಳೇ ಮಾತ್ರೆ ಇದೆ, ಹೆದರಬೇಕಿಲ್ಲ. ಭಾವನವರಿಗೂ ಈ ಕಾಗದ ತೋರಿಸು, ಅವರು ಇಂಥದ್ದನ್ನು ಮರೆಯುವುದಿಲ್ಲ.

ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ. ಪುಟ್ಟನಿಗೆ ಮುತ್ತು. ಕಾಗದ ತಲುಪುವುದು ತಡವಾಗಬಹುದು ಅಂತ ಇದರ ಫೋಟೋ ಈಗಲೇ ವಾಟ್ಸಾಪ್‌ನಲ್ಲಿ ಹಾಕುತ್ತೇನೆ. ಅಮ್ಮನ ರಿಪೋರ್ಟ್ ಬಂದ ದಿನವೇ ನನಗೆ ಕಳಿಸು, ಎಷ್ಟು ಹೊತ್ತಾದರೂ ಸರಿ.

ನಿನ್ನ ಪ್ರೀತಿಯ ತಂಗಿ