ಹೋಪ್‌ನಿಂದ ಕ್ಯಾಸಲ್ಟನ್‌ಗೆ ನಡಿಗೆ: ದನ ಮೇಯುವ ಗದ್ದೆಗಳನ್ನು ದಾಟುವ ಬಗ್ಗೆ ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ. ಜೂನ್ ಎರಡನೇ ಶನಿವಾರ ನಮ್ಮ ಕನ್ನಡ ಶಾಲೆಯಲ್ಲಿ ಪಾಠ ಇರುವುದಿಲ್ಲ. ಅವತ್ತು ಎಲ್ಲರೂ ಸೇರಿ ಮ್ಯಾಂಚೆಸ್ಟರ್ ಪಿಕಡಿಲಿಯಲ್ಲಿ ರೈಲು ಹತ್ತಿ, ಪೀಕ್ ಡಿಸ್ಟ್ರಿಕ್ಟ್‌ನ ಹೋಪ್ ಊರಿಗೆ ಹೋಗಿ, ಅಲ್ಲಿಂದ ಕ್ಯಾಸಲ್ಟನ್‌ವರೆಗೆ ನಡೆಯುತ್ತೇವೆ. ಊರಿನಿಂದ ಊರಿಗೆ ಎರಡು ಮೈಲಿಯೂ ಇಲ್ಲ. ಪೀಕ್ಸ್‌ಹೋಲ್ ಎಂಬ ಪುಟ್ಟ ಹೊಳೆಯ ಪಕ್ಕದಲ್ಲೇ ದಾರಿ, ಏರು ಇಲ್ಲ, ಐದು ವರ್ಷದ ಮಕ್ಕಳೂ ನಡೆಯಬಹುದು. ರೈಲಿನ ಸಮಯ, ಟಿಕೆಟ್ಟಿನ ವಿವರ ವಾಟ್ಸಾಪ್ ಗುಂಪಿನಲ್ಲಿ ಬರುತ್ತದೆ. ಈ ಪತ್ರ ಬರೆಯುತ್ತಿರುವುದು ದನಗಳ ಬಗ್ಗೆ.

ನಗಬೇಡಿ. 'ದನದ ಬಗ್ಗೆ ನಮಗೇ ಪಾಠವಾ ಮೇಡಂ' ಎಂದು ಕೆಲವರಾದರೂ ಕೇಳುತ್ತೀರಿ ಅಂತ ನನಗೆ ಗೊತ್ತು. ನಮ್ಮಲ್ಲಿ ಅರ್ಧ ಜನ ಕೊಟ್ಟಿಗೆ ಇದ್ದ ಮನೆಯಲ್ಲೇ ಬೆಳೆದವರು. ಉಳಿದವರು ಬೆಂಗಳೂರಿನ ರಸ್ತೆಯಲ್ಲಿ ಹಸುವಿನ ಪಕ್ಕದಲ್ಲೇ ಸ್ಕೂಟರ್ ಓಡಿಸಿದವರು. ನನಗೆ ಚಿಂತೆ ಆಗಿರುವುದೂ ಅದಕ್ಕೇ. ಇಂಗ್ಲೆಂಡಿನವರು ದನ ಕಂಡರೆ ಸ್ವಲ್ಪ ಹೆದರಿ ದೂರ ಹೋಗುತ್ತಾರೆ. ನಾವು ಹತ್ತಿರ ಹೋಗುತ್ತೇವೆ. ಮೈ ಸವರಿ ಕಣ್ಣಿಗೆ ಒತ್ತಿಕೊಳ್ಳುತ್ತೇವೆ, ಬಾಳೆಹಣ್ಣು ಚಾಚುತ್ತೇವೆ.

ಊರಿನ ಹಸು ದಿನಾ ಮನುಷ್ಯರ ಕೈಯಲ್ಲಿ ಬೆಳೆದದ್ದು. ಹಗ್ಗ ಹಾಕಿ ಕಟ್ಟಿರುತ್ತಾರೆ, ಮನೆಯವರು ಹೆಸರಿಟ್ಟು ಕರೆಯುತ್ತಾರೆ, ಮಕ್ಕಳು ಕೊರಳು ತುರಿಸುತ್ತಾರೆ. ಇಲ್ಲಿ ಹಾಲು ಕರೆಯುವ ಹಸುಗಳಾದರೆ ಜನರನ್ನು ದಿನವೂ ನೋಡುತ್ತವೆ. ಮಾಂಸಕ್ಕೆ ಸಾಕುವ ದನಗಳ ಕಥೆ ಬೇರೆ. ಅವುಗಳಲ್ಲಿ ತಾಯಿಯ ಹಾಲನ್ನು ಯಾರೂ ಕರೆಯುವುದಿಲ್ಲ, ಕರುವನ್ನು ಬೇರೆ ಕಟ್ಟುವುದಿಲ್ಲ. ಬೇಸಿಗೆಯಿಡೀ ತಾಯಿ, ಕರು ಒಟ್ಟಿಗೆ ಹುಲ್ಲುಗಾವಲಿನಲ್ಲೇ ಇರುತ್ತವೆ. ಜನರ ಕೈ ತಾಗುವುದು ಕಿವಿಗೆ ಓಲೆ ಹಾಕುವಾಗ, ಚುಚ್ಚುಮದ್ದು ಕೊಡುವಾಗ, ಅಷ್ಟೆ. ಮನುಷ್ಯ ಹತ್ತಿರ ಬಂದ ಎಂದರೆ ಏನೋ ನೋವಾಗುತ್ತದೆ ಎಂದೇ ಅವಕ್ಕೆ ಗೊತ್ತು. ಒಂದೊಂದು ಹಸು 600 ಕಿಲೋ ಮೀರಿ ತೂಗುತ್ತದೆ. ಬಹಳಷ್ಟು ದನಗಳಿಗೆ ಕೊಂಬು ಇರುವುದಿಲ್ಲ. ಕೆಲವು ಹುಟ್ಟಿನಿಂದಲೇ ಬೋಳು, ಕೆಲವಕ್ಕೆ ಕರುವಾಗಿದ್ದಾಗ ಸುಟ್ಟಿರುತ್ತಾರೆ. ಕೊಂಬಿಲ್ಲ ಎಂದು ಮೋಸ ಹೋಗಬೇಡಿ. ಇಲ್ಲಿ ಜನರಿಗೆ ಏಟಾಗುವುದು ಬಹುತೇಕ ಕೆಡವಿ ತುಳಿಯುವುದರಿಂದ.

ಡೇವಿಡ್ ಬ್ಲಂಕೆಟ್ ಹೆಸರು ಕೇಳಿರುತ್ತೀರಿ. ಹಿಂದೆ ಗೃಹ ಸಚಿವರಾಗಿದ್ದವರು, ಕಣ್ಣು ಕಾಣದವರು. 2009ರ ಜೂನ್‌ನಲ್ಲಿ ಇದೇ ಪೀಕ್ ಡಿಸ್ಟ್ರಿಕ್ಟ್‌ನಲ್ಲಿ ಅವರು ತಮ್ಮ ಮಾರ್ಗದರ್ಶಿ ನಾಯಿಯ ಜೊತೆ ನಡೆಯುತ್ತಿದ್ದಾಗ ಒಂದು ಹಸು ನುಗ್ಗಿ ಬಂದು ಕೆಡವಿತು. ಪಕ್ಕೆಲುಬು ಮುರಿಯಿತು. ಇಂಥ ಘಟನೆಗಳು ದಿನಾ ಆಗುವುದಿಲ್ಲ. ಲಕ್ಷಾಂತರ ಜನ ಪ್ರತಿ ವಾರ ಈ ಗದ್ದೆಗಳಲ್ಲಿ ಆರಾಮಾಗಿ ನಡೆದು ಮನೆಗೆ ಹೋಗುತ್ತಾರೆ. ಆದರೆ ಏಟು ತಿಂದವರ ವಿಷಯ ಓದಿದರೆ ಎರಡು ಸಂಗತಿ ಮತ್ತೆ ಮತ್ತೆ ಬರುತ್ತವೆ: ಹಿಂಡಿನಲ್ಲಿ ಕರು ಇತ್ತು, ನಡೆಯುವವರ ಜೊತೆ ನಾಯಿ ಇತ್ತು.

ಅದಕ್ಕೇ ಮೊದಲ ಕೋರಿಕೆ. ಆ ದಿನ ದಯವಿಟ್ಟು ನಾಯಿ ತರಬೇಡಿ. ನಿಮ್ಮ ನಾಯಿ ಎಷ್ಟೇ ಸಾಧು ಇರಲಿ, ಹಸುವಿನ ಕಣ್ಣಿಗೆ ಅದು ಕರು ಹಿಡಿಯಲು ಬಂದ ತೋಳವೇ. ನಮ್ಮ ಶಾಲೆಯ ನಡಿಗೆ ಬಿಟ್ಟು ನೀವೇ ಯಾವಾಗಲಾದರೂ ನಾಯಿ ಜೊತೆ ಹೋದರೆ, ದನ ಇರುವಲ್ಲಿ ಹಗ್ಗ ಗಿಡ್ಡ ಹಿಡಿಯಿರಿ. ದನ ಅಟ್ಟಿಸಿಕೊಂಡು ಬಂದರೆ ಮಾತ್ರ ಹಗ್ಗ ಬಿಟ್ಟುಬಿಡಿ. ಇದು ಇಲ್ಲಿನ ಸರ್ಕಾರವೇ ಕೊಡುವ ಸಲಹೆ. ದನಕ್ಕೆ ಬೇಕಾದದ್ದು ನಾಯಿ. ಅದು ಓಡಿ ತಪ್ಪಿಸಿಕೊಳ್ಳುತ್ತದೆ, ನಿಮ್ಮಿಂದ ಆಗುವುದಿಲ್ಲ. ಪ್ರಾಣಿ ಮೇಲಿನ ಪ್ರೀತಿಯಿಂದ ಅದನ್ನು ಎತ್ತಿಕೊಂಡು ನಿಂತವರೇ ಜಾಸ್ತಿ ಕಷ್ಟಕ್ಕೆ ಸಿಕ್ಕಿಕೊಳ್ಳುವುದು.

ಎರಡನೆಯದು ಕರು. ಮುದ್ದಾಗಿರುತ್ತವೆ, ಒಪ್ಪುತ್ತೇನೆ. ಕೆಲವೊಮ್ಮೆ ಎಳೆ ಕರು ಒಂಟಿಯಾಗಿ ಹುಲ್ಲಿನಲ್ಲಿ ಮಲಗಿರುತ್ತದೆ. ತಪ್ಪಿಸಿಕೊಂಡಿದೆ, ಪಾಪ, ಎಂದು ಮಕ್ಕಳಿಗೆ ಅನಿಸುತ್ತದೆ. ಅದು ತಪ್ಪಿಸಿಕೊಂಡಿಲ್ಲ. ತಾಯಿಯೇ ಅಲ್ಲಿ ಮಲಗಿಸಿ ಮೇಯಲು ಹೋಗಿರುತ್ತದೆ, ಒಂದು ಕಣ್ಣು ಇತ್ತ ಕಡೆಗೇ ಇರುತ್ತದೆ. ಫೋಟೋಗೆಂದು ಹತ್ತಿರ ಹೋಗುವುದು ಬೇಡ. ತಾಯಿ ಒಂದು ಕಡೆ, ಕರು ಇನ್ನೊಂದು ಕಡೆ ಇದ್ದರೆ ನಡುವೆ ಹಾದುಹೋಗುವುದಂತೂ ಬೇಡವೇ ಬೇಡ. ಸುತ್ತಿ ಹೋಗೋಣ.

ಸುತ್ತಿ ಹೋಗಬಹುದಾ, ದಾರಿ ಬಿಟ್ಟರೆ ರೈತ ಬೈಯುವುದಿಲ್ಲವಾ ಎಂದು ಕೇಳುವವರಿಗೆ: ದನ ದಾರಿಗೆ ಅಡ್ಡ ನಿಂತಿದ್ದರೆ ಅವುಗಳನ್ನು ಬಳಸಿಕೊಂಡು ಹೋಗಿ, ಆಮೇಲೆ ದಾರಿ ಸೇರಿಕೊಳ್ಳಿ ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ. ಈ ಗದ್ದೆಗಳು ಖಾಸಗಿ. ನಡುವೆ ಹೋಗುವ ಕಾಲುದಾರಿಯಲ್ಲಿ ಮಾತ್ರ ಎಲ್ಲರಿಗೂ ನಡೆಯುವ ಹಕ್ಕು. ಇಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್ನೆನ್ಸ್ ಸರ್ವೆಯ ಕಿತ್ತಳೆ ರಕ್ಷಾಪುಟದ ನಕ್ಷೆಯಲ್ಲಿ ಇದನ್ನು ಹಸಿರು ಗೆರೆತುಣುಕುಗಳಲ್ಲಿ ತೋರಿಸಿರುತ್ತಾರೆ. ಗದ್ದೆಯಲ್ಲಾದರೆ ಕಂಬದ ಮೇಲೆ ಹಳದಿ ಬಾಣ. ದೊಡ್ಡ ಮಕ್ಕಳ ಕೈಗೆ ನಕ್ಷೆ ಕೊಟ್ಟು ಅವರೇ ದಾರಿ ಹುಡುಕಲಿ ಎಂದಿದ್ದೇವೆ. (ಹತ್ತಿರದ ಕಿಂಡರ್ ಸ್ಕೌಟ್ ಬೆಟ್ಟದ ಮೇಲೆ ನಡೆಯಲು ಬಿಡಿ ಎಂದು 1932ರ ಏಪ್ರಿಲ್ 24ರಂದು ನೂರಾರು ಜನ ಹತ್ತಿದ್ದು, ಐವರು ಜೈಲಿಗೆ ಹೋದದ್ದು, 1951ರಲ್ಲಿ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾದದ್ದು, ಇದೆಲ್ಲ ರೈಲಿನಲ್ಲಿ ಹೇಳುವ ಕಥೆ. ಮಕ್ಕಳ ಮುಂದೆ ಈಗಲೇ ಹೇಳಿ ಮುಗಿಸಬೇಡಿ.)

ಹಾಗಾದರೆ ನಡೆಯುವುದು ಹೇಗೆ? ಮುಂದೆ ಒಬ್ಬ ಶಿಕ್ಷಕಿ, ಹಿಂದೆ ಒಬ್ಬರು. ಗೇಟಿನ ಹತ್ತಿರ ಎಲ್ಲರೂ ನಿಂತು ಗದ್ದೆಯನ್ನು ಒಮ್ಮೆ ಪೂರ್ತಿ ನೋಡುತ್ತೇವೆ: ದನ ಎಲ್ಲಿವೆ, ಕರು ಇದೆಯಾ, ಎದುರಿನ ಗೇಟು ಎಲ್ಲಿ, ಬೇಕಾದರೆ ಹತ್ತಲು ಗೋಡೆ ಯಾವ ಕಡೆ ಹತ್ತಿರ. ಆಮೇಲೆ ಗುಂಪಾಗಿ, ಸಾಮಾನ್ಯ ದನಿಯಲ್ಲಿ ಮಾತಾಡುತ್ತಾ ದಾಟುತ್ತೇವೆ. ತೀರಾ ಮೌನವೂ ಒಳ್ಳೆಯದಲ್ಲ. ದನಕ್ಕೆ ಅಕ್ಕಪಕ್ಕ ತುಂಬಾ ಅಗಲಕ್ಕೆ ಕಾಣುತ್ತದೆ, ಆದರೆ ಬಾಲದ ಹಿಂದೆ ಏನೂ ಕಾಣುವುದಿಲ್ಲ. ಸದ್ದಿಲ್ಲದೆ ಹಿಂದಿನಿಂದ ಹೋದರೆ ಬೆದರಿ ಒದೆಯುತ್ತದೆ. ಕಿರುಚಾಟ, ಓಟದ ಪಂದ್ಯ, ಫಟ್ಟನೆ ಛತ್ರಿ ಬಿಚ್ಚುವುದು, ಇವು ಬೇಡ. ಕೆಂಪು ಅಂಗಿ ಹಾಕಬಾರದಾ ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಹಾಕಿ. ದನಗಳಿಗೆ ಕೆಂಪು ಬಣ್ಣ ನಮಗೆ ಕಂಡ ಹಾಗೆ ಕಾಣುವುದೇ ಇಲ್ಲ.

ಮಕ್ಕಳು ಜಾಸ್ತಿ ಹೆದರುವುದು ಎಳೆ ದನಗಳಿಗೆ, ಅಂದರೆ ಇನ್ನೂ ಕರು ಹಾಕದ ಕಡಸು, ಹರೆಯದ ಹೋರಿಗಳಿಗೆ. ಅವಕ್ಕೆ ಕುತೂಹಲ ವಿಪರೀತ. ಜನ ಕಂಡರೆ ಹಿಂಡು ಹಿಂಡಾಗಿ ಓಡಿ ಬರುತ್ತವೆ, ಬೆನ್ನ ಹಿಂದೆಯೇ ನಡೆಯುತ್ತವೆ. ನಾವು ಓಡಿದರೆ ಅವೂ ಓಡುತ್ತವೆ, ಆಟ ಅಂದುಕೊಂಡು. ಆದ್ದರಿಂದ ಓಡಬಾರದು. ನಿಂತು, ತಿರುಗಿ, ಎರಡೂ ಕೈ ಅಗಲಿಸಿ 'ಹೋಯ್' ಎಂದು ಗಟ್ಟಿಯಾಗಿ ಒಮ್ಮೆ ಹೇಳಿದರೆ ಸಾಮಾನ್ಯವಾಗಿ ಅಲ್ಲೇ ನಿಲ್ಲುತ್ತವೆ. ಆಮೇಲೆ ಅವುಗಳ ಮೇಲೆ ಕಣ್ಣಿಟ್ಟು ನಿಧಾನವಾಗಿ ಗೇಟಿನ ಕಡೆ ಸರಿಯುವುದು. ಇದನ್ನು ಮಕ್ಕಳಿಗೆ ಶಾಲೆಯಲ್ಲಿ ಅಭಿನಯ ಮಾಡಿಸಿಯೇ ಕಲಿಸುತ್ತೇವೆ. ಮನೆಯಲ್ಲಿ ಅಪ್ಪ ದನ ಆಗಿ, ಮಕ್ಕಳು ನಿಲ್ಲಿಸಲಿ. ಒಂದು ಸಂಜೆ ಸಾಕು.

ಆದರೆ ಕರು ಇರುವ ಹಸು ತಲೆ ತಗ್ಗಿಸಿ, ಗೊರಸಿನಲ್ಲಿ ನೆಲ ಕೆರೆದು, ಬುಸುಗುಟ್ಟಿದರೆ ಅದು ಕುತೂಹಲವಲ್ಲ. ಆಗ ಕೈ ಬೀಸುತ್ತಾ ನಿಲ್ಲುವುದು ಬೇಡ. ಬೆನ್ನು ತೋರಿಸದೆ, ಬಂದ ದಾರಿಯಲ್ಲೇ ಹಿಂದೆ ಸರಿಯಬೇಕು. ಅಂಥ ಗದ್ದೆ ಸಿಕ್ಕರೆ ನಾವು ಆ ದಾರಿಯನ್ನೇ ಬಿಟ್ಟು ರಸ್ತೆ ಹಿಡಿಯುತ್ತೇವೆ. ಕ್ಯಾಸಲ್ಟನ್‌ಗೆ ರಸ್ತೆಯೂ ಇದೆ, ಬಸ್ಸೂ ಇದೆ. 'ಅಷ್ಟು ದೂರ ಬಂದು ವಾಪಸ್ಸಾ' ಎಂದು ಅವತ್ತು ಯಾರೂ ಒತ್ತಾಯ ಮಾಡಬಾರದು. ಮುಂದೆ ನಡೆಯುವ ಶಿಕ್ಷಕಿ ಬೇಡ ಅಂದರೆ ಬೇಡ.

ಗೂಳಿ ಇದ್ದರೆ? ಇದಕ್ಕೆ ಇಲ್ಲಿ ಕಾನೂನೇ ಇದೆ. 1981ರ ಕಾಯ್ದೆಯ ಪ್ರಕಾರ, ಸಾರ್ವಜನಿಕ ದಾರಿ ಇರುವ ಗದ್ದೆಯಲ್ಲಿ ಹತ್ತು ತಿಂಗಳು ದಾಟಿದ ಹಾಲಿನ ತಳಿಯ ಗೂಳಿಯನ್ನು ಬಿಡುವ ಹಾಗಿಲ್ಲ. ಹೋಲ್‌ಸ್ಟೈನ್, ಫ್ರೀಶಿಯನ್, ಜರ್ಸಿ, ಗರ್ನ್ಸಿ ಸೇರಿ ಏಳು ತಳಿಗಳ ಪಟ್ಟಿ ಇದೆ. ಬೇರೆ ತಳಿಯ ಗೂಳಿಯನ್ನು ಬಿಡಬಹುದು, ಆದರೆ ಜೊತೆಗೆ ಹಸುಗಳೋ ಕಡಸುಗಳೋ ಇರಬೇಕು. ಹಸುಗಳ ಸಂಗಡ ಇದ್ದರೆ ಗೂಳಿಗೆ ನಮ್ಮ ಗೊಡವೆ ಕಡಿಮೆ ಅನ್ನುವ ಲೆಕ್ಕಾಚಾರ. ಹಾಗಾಗಿ ಗೂಳಿ ಕಂಡ ಕೂಡಲೇ ಗಾಬರಿ ಬೇಡ, ದೂರದಿಂದ ಹೋಗೋಣ. ನನ್ನನ್ನು ಕೇಳಿದರೆ, ಹಸುಗಳ ಮಧ್ಯೆ ಮೇಯುತ್ತಿರುವ ಗೂಳಿಗಿಂತ ಎಳೆ ಕರುವಿನ ತಾಯಿಗೇ ನಾನು ಜಾಸ್ತಿ ಹೆದರುತ್ತೇನೆ.

ಗೇಟು ಹೇಗಿತ್ತೋ ಹಾಗೇ ಬಿಡಬೇಕು. ಮುಚ್ಚಿದ್ದರೆ ಕೊನೆಯವರು ಮುಚ್ಚುವುದು, ತೆರೆದೇ ಇದ್ದರೆ ತೆರೆದೇ ಇರಲಿ. ಆಚೆಗೆ ನೀರಿನ ತೊಟ್ಟಿ ಇರಬಹುದು, ದನ ಬಾಯಾರಿ ನಿಲ್ಲಬಾರದಲ್ವಾ. ಕೆಲವು ಕಡೆ ಗೇಟೇ ಇಲ್ಲ, ಗೋಡೆ ದಾಟಲು ಸ್ಟೈಲ್ (stile) ಎಂಬ ಮೆಟ್ಟಿಲು ಇರುತ್ತದೆ. ಜನ ದಾಟಬಹುದು, ದನ ದಾಟಲಾರವು. ಮಲೆನಾಡಿನವರಿಗೆ ಇದು ಹೊಸದೇನಲ್ಲ, ನಮ್ಮ ಉಣಗೋಲಿನ ಕೆಲಸವನ್ನೇ ಇದೂ ಮಾಡುತ್ತದೆ. ಒಬ್ಬೊಬ್ಬರಾಗಿ ಹತ್ತಿ ಇಳಿಯಿರಿ. ಕಲ್ಲುಗೋಡೆಯನ್ನು ಸಿಮೆಂಟಿಲ್ಲದೆ ಸುಮ್ನೆ ಕಲ್ಲು ಜೋಡಿಸಿ ಕಟ್ಟಿರುತ್ತಾರೆ. ಪ್ರಾಣಕ್ಕೆ ಬಂದಾಗ ಬಿಟ್ಟು ಬೇರೆ ಹೊತ್ತಿನಲ್ಲಿ ಅದರ ಮೇಲೆ ಹತ್ತಬೇಡಿ. ಹಳದಿ ಫಲಕ ತೂಗುಹಾಕಿದ ತಂತಿಗೆ ಕರೆಂಟು ಇರುತ್ತದೆ, ಮುಟ್ಟಬೇಡಿ. ದಾರಿಯಲ್ಲಿ ಸಿಮೆಂಟ್ ಕಾರ್ಖಾನೆಗೆ ಹೋಗುವ ರೈಲು ಹಳಿಯನ್ನೂ ದಾಟುತ್ತೇವೆ. ಅಲ್ಲಿ ಮಕ್ಕಳ ಕೈ ಹಿಡಿಯುವುದು ಕಡ್ಡಾಯ.

ಇನ್ನು ಊಟ. ಗದ್ದೆಗಳಲ್ಲಿ ಏನೂ ತಿನ್ನುವುದಿಲ್ಲ, ನೀರು ಮಾತ್ರ. ಕ್ಯಾಸಲ್ಟನ್ ತಲುಪಿ, ಸೋಪು ಹಾಕಿ ಹರಿಯುವ ನೀರಿನಲ್ಲಿ ಕೈ ತೊಳೆದ ಮೇಲೆಯೇ ಚಿತ್ರಾನ್ನದ ಡಬ್ಬಿ ತೆರೆಯುವುದು. ಗೇಟು, ಬೇಲಿ, ಬೂಟು ಎಲ್ಲದಕ್ಕೂ ಸಗಣಿ ತಾಗಿರುತ್ತದೆ. ಸಗಣಿಯಲ್ಲಿ ಇ. ಕೋಲೈ O157 ಎಂಬ ಬ್ಯಾಕ್ಟೀರಿಯಾ ಇರಬಹುದು. ಐದು ವರ್ಷದೊಳಗಿನ ಮಕ್ಕಳಿಗೆ ಅದು ಕಿಡ್ನಿಗೇ ತೊಂದರೆ ಮಾಡಬಲ್ಲದು. ಸ್ಯಾನಿಟೈಸರ್ ಹಚ್ಚಿದರೆ ಸಾಲದು. ಆ ವಯಸ್ಸಿನ ತಮ್ಮ ತಂಗಿಯರನ್ನು ಕರೆತರುವವರು ಅವರ ಬಾಯಿಗೆ ಕೈ ಹೋಗದಂತೆ ಜಾಸ್ತಿ ನಿಗಾ ಇಡಿ.

ಉಳಿದ ಅನ್ನ, ಹಣ್ಣಿನ ಸಿಪ್ಪೆ ದನಕ್ಕೆ ಹಾಕುವುದು ನಮಗೆ ಪುಣ್ಯದ ಕೆಲಸ. ಇಲ್ಲಿ ಅಡುಗೆಮನೆಯ ಉಳಿಕೆಯನ್ನು ಸಾಕುದನಗಳಿಗೆ ಹಾಕುವುದು ಕಾನೂನಿಗೆ ವಿರುದ್ಧ. 2001ರಲ್ಲಿ ಕಾಲುಬಾಯಿ ಜ್ವರ ಬಂದು ಈ ದೇಶದಲ್ಲಿ 60 ಲಕ್ಷಕ್ಕೂ ಜಾಸ್ತಿ ಕುರಿ, ದನ, ಹಂದಿಗಳನ್ನು ಕೊಂದರು. ಇಂಥ ಕಾಲುದಾರಿಗಳನ್ನೆಲ್ಲ ತಿಂಗಳುಗಟ್ಟಲೆ ಮುಚ್ಚಿದ್ದರು. ರೋಗ ಹೀಗೆ ಆಹಾರದ ಮೂಲಕವೇ ಬರಬಹುದು ಎಂಬ ಭಯ ರೈತರಿಗೆ ಇವತ್ತಿಗೂ ಇದೆ. ಬಾಳೆಹಣ್ಣು ಹಾಕುವವರನ್ನು ಕಂಡು ಅವರು ಕೂಗಿದರೆ ಬೇಸರ ಮಾಡಿಕೊಳ್ಳಬೇಡಿ.

ಈ ಮಾತನ್ನು ಅಜ್ಜಿ, ತಾತಂದಿರಿಗೆ ನೀವೇ ಮೊದಲೇ ಹೇಳಿಡಿ. ಜೂನ್‌ನಲ್ಲಿ ಊರಿನಿಂದ ಬಂದಿರುತ್ತಾರೆ, ಅವರೂ ನಮ್ಮ ಜೊತೆ ಬಂದರೆ ಸಂತೋಷ. ಗದ್ದೆಯ ನಡುವೆ ನಿಂತು ನಾನು ಅವರಿಗೆ 'ಹಸು ಮುಟ್ಟಬೇಡಿ ಅಮ್ಮ' ಅನ್ನುವುದು ನನಗೂ ಮುಜುಗರ, ಅವರಿಗೂ ನೋವು. ಕೈ ಮುಗಿಯಲಿ, ಗೋಡೆಯ ಈಚೆಯಿಂದ. ಸೀರೆ ಉಟ್ಟವರು ಸ್ಟೈಲ್ ಹತ್ತುವುದು ಕಷ್ಟ, ಚೂಡಿದಾರ ಇದ್ದರೆ ಒಳ್ಳೆಯದು. ನಡೆಯಲು ಆಗದವರು ಹೋಪ್‌ನಿಂದ ಬಸ್ಸಿನಲ್ಲಿ ಬಂದು ಕ್ಯಾಸಲ್ಟನ್‌ನಲ್ಲಿ ನಮ್ಮನ್ನು ಸೇರಬಹುದು.

ಮಕ್ಕಳಿಗೆ ಉದ್ದ ಪ್ಯಾಂಟು, ಕಾಲುಚೀಲ, ಹಿಡಿತ ಇರುವ ಬೂಟು ಹಾಕಿಸಿ. ಉದ್ದ ಹುಲ್ಲಿನಲ್ಲಿ ಉಣ್ಣೆಹುಳು ಇರುತ್ತದೆ. ರಾತ್ರಿ ಸ್ನಾನ ಮಾಡಿಸುವಾಗ ಮಂಡಿಯ ಹಿಂದೆ, ಕಂಕುಳು, ಕೂದಲ ಅಂಚು ನೋಡಿ. ಹೇ ಫೀವರ್ (ಪರಾಗದ ಅಲರ್ಜಿ) ಇರುವ ಮಕ್ಕಳ ಮಾತ್ರೆ, ಆಸ್ತಮಾ ಇರುವವರ ಇನ್‌ಹೇಲರ್ ಅವರ ಚೀಲದಲ್ಲೇ ಇರಲಿ, ನಿಮ್ಮ ಕಾರಿನಲ್ಲಲ್ಲ. ಕಣಿವೆಯಲ್ಲಿ ಫೋನ್ ಸಿಗ್ನಲ್ ಕೆಲವೆಡೆ ಸಿಗುವುದಿಲ್ಲ. ತುರ್ತು ಬಂದರೆ 999 ಒತ್ತಿ ನೋಡಿ, ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯದರಲ್ಲಿ ಹೋಗಬಹುದು.

ಪತ್ರದ ಜೊತೆ ಒಪ್ಪಿಗೆ ಚೀಟಿ ಇದೆ. ಎಷ್ಟು ಜನ ಬರುತ್ತೀರಿ, ಯಾರಿಗೆ ಯಾವ ಅಲರ್ಜಿ, ಯಾರು ದನಕ್ಕೆ ತುಂಬಾ ಹೆದರುತ್ತಾರೆ ಎಂದು ಬರೆದು ಮುಂದಿನ ಶನಿವಾರ ತರಗತಿ ಶಿಕ್ಷಕರಿಗೆ ಕೊಡಿ. ಹೆದರುವ ಮಕ್ಕಳನ್ನು ಗುಂಪಿನ ನಡುವೆ, ನನ್ನ ಪಕ್ಕದಲ್ಲಿ ನಡೆಸುತ್ತೇನೆ. ಗುಂಪಿನ ಹಿಂದೆ ನಡೆಯಲು ಇನ್ನೂ ಇಬ್ಬರು ಪೋಷಕರು ಬೇಕು. ಕೊಟ್ಟಿಗೆ ಕೆಲಸ ಗೊತ್ತಿರುವವರಾದರೆ ಇನ್ನೂ ಒಳ್ಳೆಯದು, ದಯವಿಟ್ಟು ಚೀಟಿಯ ಹಿಂದೆ ಹೆಸರು ಬರೆಯಿರಿ.

ಇಂತಿ,
ನಿಮ್ಮ ಮುಖ್ಯೋಪಾಧ್ಯಾಯಿನಿ